ಹಸಿದು ಕೊಟ್ಟ ರೊಕ್ಕ

ನನ್ನ ಅಪ್ಪ ಮೆಲುದನಿಯ ಮನುಷ್ಯ. ಅಂಗಡಿಯೊಂದರಲ್ಲಿ ಅವನು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕಂಡದ್ದು ಒಂದೇ ಸಲ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಪಿಯುಸಿ ಮುಗಿಸಿ ರಾಯಚೂರಿನ ಪದವಿ ಕಾಲೇಜಿಗೆ ಸೇರಿದ್ದೆ. ನಮ್ಮೂರು ಗಬ್ಬೂರಿನಿಂದ ಬೆಳಗಿನ ಬಸ್ಸಿಗೆ ಇಬ್ಬರೂ ಬಂದು ತೀನ್ ಕಂದೀಲ್ ಹತ್ತಿರದ ಬಟ್ಟೆ ಅಂಗಡಿಗೆ ಹೋದೆವು. ಅಪ್ಪನ ಮಾಸಿದ ಧೋತರ, ತಲೆಗೆ ಸುತ್ತಿದ ಟವೆಲ್ಲು ನೋಡಿದ ಅಂಗಡಿಯವನು ಏನೂ ಕೇಳದೆ ಕೆಳಗಿನ ಕಪಾಟಿನಿಂದ ಒರಟು ಬಟ್ಟೆಯ ಥಾನೊಂದನ್ನು ತೆಗೆದು ಹಾಸಿದ. ಅಪ್ಪ ಮೇಲಿನ ಸಾಲಿನ ಟೆರಿಕಾಟ್ ಕಡೆ ಕೈ ತೋರಿಸಿದ. ಅದು ತುಟ್ಟಿ, ನಿಮಗೆ ಆಗುವುದಿಲ್ಲ ಎಂದ ಅಂಗಡಿಯವನು.

"ತುಟ್ಟಿ ಅದನೋ ಸೋವಿ ಅದನೋ ನಾ ಕೇಳಿಲ್ಲರಿ. ಅದನ್ನ ತೆಗೀರಿ. ನನ್ನ ಮಗ ಹಾಕ್ಕೊಂಡು ಕಾಲೇಜಿಗೆ ಹೋಗ್ತಾನ."

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನಗೆ ನಾಚಿಕೆಯಾಯಿತು. ಇಡೀ ಬೇಸಿಗೆ ಅಪ್ಪ ಅವ್ವ ಇಬ್ಬರೂ ಕೂಲಿ ಮಾಡಿ ಉಳಿಸಿದ್ದು ಆ ಎರಡು ಜೊತೆ ಬಟ್ಟೆಗೆ ಮುಗಿದುಹೋಯಿತು. ದರ್ಜಿಯ ಬಳಿ ಅಳತೆ ಕೊಟ್ಟು ಬಸ್ ನಿಲ್ದಾಣದ ಕಡೆ ನಡೆಯುವಾಗ ಇಷ್ಟು ಖರ್ಚು ಯಾಕೆ ಮಾಡಿದೆ ಎಂದು ಕೇಳಿದೆ. ಅಪ್ಪ ಆಗ ತನ್ನ ಅಪ್ಪನ ಸಂಗತಿ ಹೇಳಿದ. ನನ್ನ ಅಜ್ಜ ಒಂದು ಹಬ್ಬದ ದಿನ ಹೊಸ ಧೋತರ ಉಟ್ಟು ಮೇಲ್ಜಾತಿಯವರ ದೊಡ್ಡ ಓಣಿಯಲ್ಲಿ ಹಾದುಹೋಗಿದ್ದನಂತೆ. ಅದೇ ತಪ್ಪಾಯಿತು. ಕಟ್ಟೆಗೆ ಕರೆದು ಹೊಡೆದರು. ಅಂದಿನಿಂದ ಸಾಯುವತನಕ ಅಜ್ಜ ಹೊಸ ಬಟ್ಟೆ ಸಿಕ್ಕರೆ ಮೊದಲು ಬೂದಿ ನೀರಿನಲ್ಲಿ ಅದ್ದಿ, ಮಣ್ಣಿನಲ್ಲಿ ಹೊರಳಾಡಿಸಿ, ಹಳೆಯದು ಮಾಡಿಕೊಂಡು ಉಡುತ್ತಿದ್ದ.

"ಸ್ವಚ್ಛ ಬಟ್ಟಿ ಹಾಕ್ಕೊಳ್ಳೋದು ನಮಗ ಚೈನಿ ಅಲ್ಲ," ಎಂದ ಅಪ್ಪ. "ಅದು ನಮ್ಮ ಧರ್ಮ ಅಂತ ತಿಳ್ಕೋ."

ಧರ್ಮ ಎಂಬ ಮಾತನ್ನು ಅವನು ಸುಮ್ಮನೆ ಆಡಿರಲಿಲ್ಲ. ಹರೆಯದಲ್ಲೇ ಬುದ್ಧನ ದಾರಿ ಹಿಡಿದವನು ಅವನು. ಊರಿನ ಸತ್ತ ದನ ಎಳೆಯುವುದನ್ನೂ ಹಲಗೆ ಬಾರಿಸುವುದನ್ನೂ ಬಿಟ್ಟು, ಹೊಲದ ಕೂಲಿಯಿಂದಲೇ ಮನೆ ನಡೆಸಿದ್ದ. ಮನೆಯ ಗೋಡೆಗೆ ಬುದ್ಧನ ಪಟವೊಂದು ಬಿಟ್ಟರೆ ಬೇರೆ ದೇವರಿರಲಿಲ್ಲ.

ಕಾಲೇಜಿನ ಹಾಸ್ಟೆಲಿನಲ್ಲಿ ನನಗೆ ಸಿಕ್ಕ ಕೋಣೆಯಲ್ಲಿ ಇರಲು ಮೊದಲು ಬಂದ ಹುಡುಗ ನನ್ನ ಜಾತಿ ಕೇಳಿಕೊಂಡು ಮರುದಿನವೇ ಬೇರೆ ಕೋಣೆಗೆ ಹೋದ. ಅವನ ಜಾಗಕ್ಕೆ ಬಂದವನು ಮಾನ್ವಿಯವನು. ಅವನ ಅಪ್ಪನದು ಅಕ್ಕಿ ಗಿರಣಿ. ಶಿವಭಕ್ತರ ಮನೆತನ. ಅವನೂ ದಿನಾ ಬೆಳಿಗ್ಗೆ ಮಿಂದು, ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡುವವನು. ನನ್ನ ಜಾತಿ ಅವನಿಗೂ ಗೊತ್ತಿತ್ತು. ಅವನು ಕೇಳಿದ್ದು ಮಾತ್ರ ಕಿಟಕಿಯ ಪಕ್ಕದ ಮಂಚ ಯಾರಿಗೆ ಎಂದು. ನೀನೇ ತಗೋ ಎಂದೆ. ಹಾಗೆ ನಾವು ಗೆಳೆಯರಾದೆವು.

ಮೊದಲ ವರ್ಷ ಅವನು ಎಲ್ಲರಂತೆ ಖರ್ಚು ಮಾಡುತ್ತಿದ್ದ. ಎಲ್ಲರಿಗಿಂತ ತುಸು ಹೆಚ್ಚೇ. ಆಗಿನ ಹಾಸ್ಟೆಲಿನಲ್ಲಿ ಯಾರೂ ತಮಗಾಗಿ ಖರ್ಚು ಮಾಡುತ್ತಿರಲಿಲ್ಲ ಎಂದು ಈಗ ಅನಿಸುತ್ತದೆ. ಒಬ್ಬ ಬೆಲ್‌ಬಾಟಮ್ ಎಂಬ ಅಗಲ ಪಾಯಿಂಚಿನ ಪ್ಯಾಂಟು ಹೊಲಿಸಿದರೆ ಹದಿನೈದು ದಿನದಲ್ಲಿ ಇಡೀ ಸಾಲಿನ ಕೋಣೆಗಳಲ್ಲಿ ಅಂಥವೇ ಪ್ಯಾಂಟುಗಳು ತೂಗಾಡುತ್ತಿದ್ದವು. ಗಿಲ್ಲೆಸುಗೂರಿನ ಕಡೆಯ ಒಬ್ಬ ಹುಡುಗ ಊರಿಂದ ಬಂದ ಜೋಳದ ಚೀಲ ಮಾರಿ ಕಪ್ಪು ಕನ್ನಡಕ ಕೊಂಡಿದ್ದ. ಕನ್ನಡಕ ಹಾಕಿಕೊಂಡರೆ ಅವನಿಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ, ಆದರೂ ತೆಗೆಯುತ್ತಿರಲಿಲ್ಲ. ಪರೀಕ್ಷೆ ಹತ್ತಿರ ಬಂದರೆ ತೆಂಗಿನಕಾಯಿಯ ಖರ್ಚು; ಹನುಮಪ್ಪನ ಗುಡಿಗೆ ಒಂದು, ದರ್ಗಾಕ್ಕೆ ಸಕ್ಕರೆ. ಓದದವರೇ ಹೆಚ್ಚು ಕಾಯಿ ಒಡೆಸುತ್ತಿದ್ದರು.

ನನ್ನ ದುಬಾರಿ ಚಟವೆಂದರೆ ಚಹಾ. ದಿನಾ ಸಂಜೆ ಸ್ಟೇಷನ್ ರಸ್ತೆಯ ಹೋಟೆಲಿಗೆ ಹೋಗಿ ಕುಳಿತು ಒಂದು ಚಹಾ ಕುಡಿಯುತ್ತಿದ್ದೆ. ನಮ್ಮ ಊರಿನ ಹೋಟೆಲಿನಲ್ಲಿ ನಮ್ಮವರ ಕಪ್ಪು ಹೊರಗಿನ ಗೂಡಿನಲ್ಲಿರುತ್ತಿತ್ತು. ನಾವೇ ತೆಗೆದುಕೊಳ್ಳಬೇಕು, ಅವರು ಮೇಲಿನಿಂದ ಹೊಯ್ಯುತ್ತಾರೆ, ಕುಡಿದು ನಾವೇ ತೊಳೆದಿಡಬೇಕು. ರಾಯಚೂರಿನಲ್ಲಿ ನನ್ನನ್ನು ಯಾರೂ ಗುರುತಿಸುತ್ತಿರಲಿಲ್ಲ. ಕುರ್ಚಿಯ ಮೇಲೆ ಕುಳಿತರೆ, ಎಲ್ಲರ ಬಾಯಿಗೆ ಹೋಗಿಬಂದ ಗಾಜಿನ ಲೋಟದಲ್ಲೇ ನನಗೂ ಚಹಾ ಬರುತ್ತಿತ್ತು, ಕುಡಿದಿಟ್ಟ ಲೋಟವನ್ನು ಬೇರೊಬ್ಬ ಎತ್ತಿಕೊಂಡು ಹೋಗುತ್ತಿದ್ದ. ಸ್ಕಾಲರ್‌ಶಿಪ್ಪಿನಲ್ಲಿ ಉಳಿದದ್ದೆಲ್ಲ ಅಲ್ಲಿಗೆ ಹೋಗುತ್ತಿತ್ತು. ರುಚಿಗಾಗಿ ಕುಡಿದೆ ಎಂದು ಹೇಳಲಾರೆ.

ಎರಡನೆಯ ವರ್ಷದ ದೀಪಾವಳಿ ರಜೆಗೆ ಗೆಳೆಯ ಮಾನ್ವಿಗೆ ಹೋದ. ತಿರುಗಿ ಬಂದಾಗ ಅವನ ಕೈಯಲ್ಲಿ ಗಡಿಯಾರ ಇರಲಿಲ್ಲ. ಮಾರಿದೆ ಎಂದ, ಯಾಕೆಂದು ಹೇಳಲಿಲ್ಲ. ವಾರದೊಳಗೆ ಅವನ ಚಪ್ಪಲಿಯೂ ಹೋಯಿತು. ಪ್ಯಾಂಟುಗಳನ್ನು ಯಾರಿಗೋ ಕೊಟ್ಟು ಎರಡು ಬಿಳಿ ಪಾಯಿಜಾಮ ಇಟ್ಟುಕೊಂಡ. ನಮ್ಮ ಮೆಸ್ಸಿನಲ್ಲಿ ಉಂಡ ಊಟದ ಲೆಕ್ಕಕ್ಕೆ ಮಾತ್ರ ಬಿಲ್ಲು ಬರುತ್ತಿತ್ತು. ಅವನು ಮೊದಲು ಬೆಳಗಿನ ಉಪ್ಪಿಟ್ಟು ಬಿಟ್ಟ, ಆಮೇಲೆ ರಾತ್ರಿಯ ಊಟ ಬಿಟ್ಟ. ಮಧ್ಯಾಹ್ನದ ರೊಟ್ಟಿ ಸಾರಿನ ಮೇಲೆ ದಿನ ಕಳೆಯುತ್ತಿದ್ದ. ಪೂಜೆಗೆ ಕೂತರೆ ಏಳುತ್ತಿರಲಿಲ್ಲ.

ಹಾಸ್ಟೆಲಿನವರು ಮೊದಲು ನಕ್ಕರು. ಆಮೇಲೆ ಅವನನ್ನು ಶರಣರು ಎಂದು ಕರೆಯತೊಡಗಿದರು, ಆಮೇಲೆ ಆ ಮಾತಿನಲ್ಲಿದ್ದ ನಗೆ ಹೋಗಿ ಭಯಭಕ್ತಿ ಬಂತು. ಪ್ಯಾಂಟಿನ ಹುಚ್ಚು ಹೇಗೆ ಹರಡಿತ್ತೋ ಬರಿಗಾಲಿನ ಹುಚ್ಚೂ ಹಾಗೆಯೇ ಹರಡಿತು. ಕೆಲವರು ಸಿನಿಮಾ ಬಿಟ್ಟರು. ಒಬ್ಬನಂತೂ ಸರಳವಾಗಿರಬೇಕೆಂದು ಖಾದಿ ಭಂಡಾರಕ್ಕೆ ಹೋಗಿ ನನ್ನ ಟೆರಿಕಾಟಿಗಿಂತ ತುಟ್ಟಿಯ ಜುಬ್ಬ ಹೊಲಿಸಿಕೊಂಡು ಬಂದ. ಗೆಳೆಯ ಇದಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನ ಮುಖ ದಿನದಿನಕ್ಕೆ ಇಳಿಯುತ್ತಿತ್ತು.

ನಮಗೆ ಅರ್ಥಶಾಸ್ತ್ರ ಕಲಿಸುತ್ತಿದ್ದ ಮೇಷ್ಟ್ರೊಬ್ಬರಿಗೆ ಅವನ ಮೇಲೆ ಬಹಳ ಅಭಿಮಾನ. ಕ್ಲಾಸಿನಲ್ಲಿ ಅವನನ್ನು ಎದ್ದು ನಿಲ್ಲಿಸಿ, ಸಾಹುಕಾರರ ಮಗ ಬರಿಗಾಲಲ್ಲಿ ನಡೆಯುತ್ತಾನೆ ನೋಡಿ ಎಂದರು. ಹಾಗೆಯೇ ಅವರ ಕಣ್ಣು ಪಕ್ಕದಲ್ಲಿ ಕೂತ ನನ್ನ ಮೇಲೆ ಬಿತ್ತು. ಮೆಸ್ಸಿನ ಒಲೆಯ ಕೆಂಡವನ್ನು ತಂಬಿಗೆಗೆ ತುಂಬಿಕೊಂಡು, ಅದರ ತಳದಿಂದ ನಾನೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದೆ. ಸರ್ಕಾರ ಓದಲಿಕ್ಕೆಂದು ಕೊಟ್ಟ ಹಣ ಕೆಲವರ ಇಸ್ತ್ರಿಗೆ ಹೋಗುತ್ತದೆ ಎಂದರು ಅವರು. ಕ್ಲಾಸು ನಕ್ಕಿತು. ಕೆಟ್ಟ ಮನುಷ್ಯರಲ್ಲ ಅವರು. ಎಷ್ಟೋ ಹುಡುಗರ ಫೀ ತಾವೇ ತುಂಬಿದ್ದರು. ಆದರೆ ಬಡವ ಬಡವನಂತೆ ಕಾಣದಿದ್ದರೆ ಅವರಿಗೆ ಏನೋ ಇರುಸುಮುರುಸು.

ಅದೇ ತಿಂಗಳು ಕಾಲೇಜಿನ ಸಭಾಂಗಣದಲ್ಲಿ ಚರ್ಚಾಸ್ಪರ್ಧೆ ಇಟ್ಟರು. ವಿದ್ಯಾರ್ಥಿಗಳ ದುಂದುವೆಚ್ಚ ಎಂಬುದು ವಿಷಯ. ಮಾತಾಡಿದವರೆಲ್ಲ ನನ್ನ ಗೆಳೆಯನ ಉದಾಹರಣೆ ಕೊಟ್ಟರು. ನಾನು ಹೆಸರು ಕೊಟ್ಟಿರಲಿಲ್ಲ. ಕೊನೆಗೆ ಬೇರೆ ಯಾರಾದರೂ ಇದ್ದೀರಾ ಎಂದು ಕೇಳಿದಾಗ ಕಾಲು ತಾವಾಗಿಯೇ ವೇದಿಕೆಯ ಕಡೆ ನಡೆದವು. ಅಜ್ಜನ ಧೋತರದ ಕತೆಯನ್ನು ಹೇಳಿದೆ. ಬೂದಿ ನೀರಿನ ಸಂಗತಿ ಹೇಳಿದೆ. ಸಾಹುಕಾರರ ಮಗ ಹರಕು ಹಾಕಿಕೊಂಡರೆ ಅದಕ್ಕೆ ಸರಳತೆ ಎಂದು ಹೆಸರಿದೆ, ನಾನು ಹಾಕಿಕೊಂಡರೆ ಅದು ನನ್ನ ಹಳೆಯ ಹಣೆಬರಹ ಅಷ್ಟೆ, ಯಾರೂ ತಿರುಗಿಯೂ ನೋಡುವುದಿಲ್ಲ ಎಂದೆ. ಇನ್ನೂ ಏನೇನೋ ಹೇಳಬೇಕೆಂದಿದ್ದೆ. ಅಷ್ಟಕ್ಕೇ ಇಳಿದು ಬಂದೆ. ಚಪ್ಪಾಳೆ ಬರಲಿಲ್ಲ, ನಗೆಯೂ ಬರಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಕೂತಿದ್ದರು.

ಗೆಳೆಯ ಹೊರಗೆ ಕಾಯುತ್ತಿದ್ದ. ನಾನು ಅವನಿಗೆ ನೋವು ಮಾಡಿದೆನೇನೋ ಎಂದುಕೊಂಡೆ. ಅವನು ನನ್ನನ್ನು ಮಾವಿನಕೆರೆಯ ದಂಡೆಗೆ ಕರೆದುಕೊಂಡು ಹೋದ. ಮಧ್ಯಾಹ್ನದ ಬಿಸಿಲಿಗೆ ಕೆರೆಯ ನೀರು ಕಣ್ಣು ಕುಕ್ಕುತ್ತಿತ್ತು. ಅಲ್ಲಿ ಕೂತು, ಅಷ್ಟು ದಿನ ನುಂಗಿಕೊಂಡದ್ದನ್ನು ಹೇಳಿದ.

ಅವರ ಗಿರಣಿಯಲ್ಲಿ ಕುರ್ಡಿ ಎಂಬ ಹಳ್ಳಿಯ ಒಬ್ಬ ಹೆಂಗಸು ತೌಡು ಬಳಿಯುವ ಕೆಲಸ ಮಾಡುತ್ತಿದ್ದಳು. ಗಂಡ ಸತ್ತವಳು, ಇಬ್ಬರು ಹೆಣ್ಣುಮಕ್ಕಳು. ಇವನು ಚಿಕ್ಕವನಿದ್ದಾಗ ಗಿರಣಿಯ ಅಂಗಳದಲ್ಲಿ ಇವನನ್ನು ಸೊಂಟದ ಮೇಲೆ ಎತ್ತಿಕೊಂಡು ತಿರುಗಿದವಳು. ದೀಪಾವಳಿಗೆ ಸ್ವಲ್ಪ ಮುಂಚೆ ಅವಳ ಸೆರಗು ಯಂತ್ರದ ಬೆಲ್ಟಿಗೆ ಸಿಕ್ಕಿತು, ಸೆರಗು ಬಿಡಿಸಲು ಹೋದ ಬಲಗೈ ಮೊಣಕೈವರೆಗೆ ಹೋಯಿತು. ಸಾಹುಕಾರರು ಆಸ್ಪತ್ರೆಗೆ ಕಳಿಸಿದರು, ಖರ್ಚು ಕೊಟ್ಟರು, ಒಂದು ಚೀಲ ಅಕ್ಕಿಯನ್ನೂ ಕೊಟ್ಟರು. ಅಲ್ಲಿಗೆ ಮುಗಿಯಿತು. ಹಬ್ಬದ ದಿನ ಅವಳು ಗಿರಣಿಯ ಬಾಗಿಲಿಗೆ ಬಂದು ಸುಮ್ಮನೆ ಕೂತಿದ್ದಳು. ಒಳಗೆ ಲಕ್ಷ್ಮೀಪೂಜೆ ನಡೆದಿತ್ತು. ಅವಳನ್ನು ಎಬ್ಬಿಸಿ ಕಳಿಸು ಎಂದು ತನ್ನ ಅಪ್ಪ ಗುಮಾಸ್ತನಿಗೆ ಹೇಳಿದ್ದನ್ನು ಇವನು ಕಿವಿಯಾರೆ ಕೇಳಿದ.

"ಅಕಿ ಕೈ ಹೋದ ದಿನ ಬೆಲ್ಟ್ ತೊಳಿಸಿ, ಮಧ್ಯಾಹ್ನದೊಳಗ ಮತ್ತ ಮಿಲ್ ಚಾಲೂ ಮಾಡಿಸ್ಯಾರ," ಎಂದ ಗೆಳೆಯ. "ಮಠದ ದಾಸೋಹಕ್ಕ ಅಕ್ಕಿ ಕಳಸ್ತಾರಲ್ಲ, ಅದೂ ಆ ಬೆಲ್ಟಿಂದೇ ಬಂದದ್ದು. ನಾ ಉಣ್ಣೂದೂ ಅದರದ್ದೇ. ತುತ್ತು ಬಾಯಾಗ ಇಟ್ಟರ ಒಳಗ ಇಳ್ಯಾಂಗಿಲ್ಲ ದೋಸ್ತ."

ತನ್ನ ಅಪ್ಪ ಪ್ರತಿ ತಿಂಗಳು ಕಳಿಸುವ ಹಣದಲ್ಲಿ ತಾನು ಉಣ್ಣದೆ ಉಳಿಸಿದ್ದನ್ನೆಲ್ಲ ಅವಳಿಗೆ ಮನಿಯಾರ್ಡರ್ ಮಾಡುತ್ತಿದ್ದ. ಶರಣರೆಂದು ಎಲ್ಲರೂ ಕೈಮುಗಿಯುತ್ತಿದ್ದುದು ಇದಕ್ಕೆ. ಅಪ್ಪನಿಗೆ ನೇರವಾಗಿ ಹೇಳಬಾರದೇ ಎಂದೆ. ಅವರೆದುರು ನಿಂತು ಈವರೆಗೆ ಒಂದು ಮಾತು ಆಡಿಲ್ಲ, ಹಸಿವು ತಡೆಯುವುದು ಅದಕ್ಕಿಂತ ಸುಲಭ ಎಂದ.

ಸಂಕ್ರಾಂತಿ ಕಳೆದ ಮೇಲೆ ಅವನ ಕಣ್ಣು ಹಳದಿಯಾದವು. ಕಾಮಾಲೆ ಎಂದರು ಡಾಕ್ಟರು. ಹೊಟ್ಟೆಗಿಲ್ಲದೆ ಮೈಯಲ್ಲಿ ಕಸುವೇ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು. ಮಾನ್ವಿಗೆ ಬರುವುದಿಲ್ಲ, ತಿಳಿಸಲೂ ಬೇಡ ಎಂದು ಅವನು ಹಟ ಹಿಡಿದ. ಬೇರೆ ದಾರಿ ಕಾಣದೆ ಗಬ್ಬೂರಿಗೆ, ನಮ್ಮ ಮನೆಗೆ ಕರೆದುಕೊಂಡು ಹೋದೆ.

ಅವ್ವ ನನ್ನನ್ನು ಹಿತ್ತಿಲಿಗೆ ಕರೆದು, ಸಾಹುಕಾರರ ಮಗ ನಮ್ಮ ಮನೆಯಲ್ಲಿ ಉಣ್ಣುತ್ತಾನೆಯೇ, ಏನಾದರೂ ಆದರೆ ಆ ಮಂದಿ ನಮ್ಮನ್ನು ಉಳಿಸುತ್ತಾರೆಯೇ ಎಂದು ಅಂಜಿ ಕೇಳಿದಳು. ಅವಳ ಅಂಜಿಕೆ ಸುಳ್ಳಲ್ಲ. ಮೂರನೆಯ ದಿನವೇ ದೊಡ್ಡ ಓಣಿಯಿಂದ ಇಬ್ಬರು ಹಿರಿಯರು ಬಂದು ದೂರ ನಿಂತು, ಇವನು ಯಾರ ಮಗ, ಇಲ್ಲಿ ಯಾಕಿದ್ದಾನೆ ಎಂದು ವಿಚಾರಿಸಿದರು. ಜಡ್ಡಾಗಿ ಬಂದಿದ್ದಾನೆ, ವಾಸಿಯಾದರೆ ಹೋಗುತ್ತಾನೆ ಎಂದಷ್ಟೇ ಅಪ್ಪ ಹೇಳಿದ. ಗೆಳೆಯ ಒಳಗಿನಿಂದ ಎಲ್ಲ ಕೇಳಿಸಿಕೊಂಡ. ಅವ್ವ ಕೊಟ್ಟ ಗಂಜಿ ಕುಡಿದ, ಮಜ್ಜಿಗೆ ಕುಡಿದ. ಬುದ್ಧನ ಪಟದ ಕೆಳಗೆ ಚಾಪೆ ಹಾಸಿಕೊಂಡು ತನ್ನ ಲಿಂಗಪೂಜೆ ಮಾಡಿದ. ಪೂಜೆಗೆ ಅವ್ವ ದಿನಾ ಬೇರೆ ತಂಬಿಗೆಯಲ್ಲಿ ನೀರಿಡುತ್ತಿದ್ದಳು.

ಸ್ವಲ್ಪ ಚೇತರಿಸಿಕೊಂಡ ಮೇಲೆ ಒಂದು ಸಂಜೆ ಅಪ್ಪ ಅವನ ಬಳಿ ಕೂತ. ಬುದ್ಧನೂ ಊಟ ಬಿಟ್ಟು ಎಲುಬಿನ ಹಂದರವಾಗಿದ್ದ, ಅದರಿಂದ ಏನೂ ಸಿಗುವುದಿಲ್ಲವೆಂದು ತಿಳಿದು ಒಬ್ಬ ಹೆಣ್ಣುಮಗಳು ಕೊಟ್ಟ ಪಾಯಸ ಉಂಡು ಎದ್ದ ಎಂದು ತನಗೆ ತಿಳಿದಂತೆ ಹೇಳಿದ.

"ಅಂವಗ ಅಪ್ಪನ ರೊಕ್ಕದ ಹಂಗಿರ್ಲಿಲ್ಲರಿ ಕಾಕಾ," ಎಂದ ಗೆಳೆಯ. "ಎಲ್ಲಾ ಬಿಟ್ಟು ಬಂದಿದ್ದ. ನಾ ಬಿಟ್ಟಿಲ್ಲ. ಅಪ್ಪನ ರೊಕ್ಕದಾಗೇ ಉಪವಾಸ ಮಾಡಾಕತ್ತೀನಿ."

ಅಪ್ಪ ಅವನ ಕಾಲ ಮೇಲಿನ ಹೊದಿಕೆ ಸರಿಮಾಡಿ ಎದ್ದು ಹೋದ.

ನಾವು ರಾಯಚೂರಿಗೆ ಹಿಂದಿರುಗಿದಾಗ ಕುರ್ಡಿಯಿಂದ ಬರುತ್ತಿದ್ದ ಸಹಪಾಠಿಯೊಬ್ಬ ಕಾಯುತ್ತಿದ್ದ. ಹಾಸ್ಟೆಲಿನ ಶರಣರು ಉಪವಾಸ ಬಿದ್ದು ಜಡ್ಡಾದ ಸುದ್ದಿಯನ್ನು ಅವನೇ ಊರಲ್ಲಿ ಹೇಳಿದ್ದ. ಅದು ಆ ಹೆಂಗಸಿನ ಕಿವಿಗೂ ಬಿದ್ದಿತ್ತು. ಮನಿಯಾರ್ಡರ್ ಎಲ್ಲಿಂದ ಬರುತ್ತಿತ್ತೆಂದು ಅವಳಿಗೆ ಅಂಚೆಯವನಿಂದ ಗೊತ್ತಿತ್ತು, ಹೇಗೆ ಉಳಿಸಿದ್ದೆಂದು ಗೊತ್ತಿರಲಿಲ್ಲ. ಸಣ್ಣ ಸಾಹುಕಾರನಿಗೆ ಒಮ್ಮೆ ಬಂದು ಹೋಗಲು ಹೇಳು ಎಂದು ಅವಳು ಹೇಳಿ ಕಳಿಸಿದ್ದಳು.

ಮರುದಿನವೇ ಕುರ್ಡಿಗೆ ಹೊರಟೆವು. ಅವಳ ಮನೆ ಊರ ಅಂಚಿನಲ್ಲಿತ್ತು. ಎಡಗೈಯಲ್ಲಿ ಕಸಬರಿಗೆ ಹಿಡಿದು ಅಂಗಳ ಗುಡಿಸುತ್ತಿದ್ದಳು. ಇವನನ್ನು ಕಂಡವಳೇ ಕಸಬರಿಗೆ ಕೆಳಗಿಟ್ಟು, ಇದ್ದ ಒಂದು ಕೈಯಿಂದ ಅವನ ಗಲ್ಲ ಮುಟ್ಟಿ ನೋಡಿದಳು. ಆಮೇಲೆ ಅವಳಿಗೆ ಸಿಟ್ಟು ಬಂತು. ಸೆರಗಿನ ತುದಿಗೆ ಕಟ್ಟಿದ್ದ ಗಂಟನ್ನು ಹಲ್ಲಿನಿಂದ ಬಿಚ್ಚಿ, ಅದರಲ್ಲಿದ್ದ ನೋಟುಗಳನ್ನು ಅವನ ಮುಂದೆ ಇಟ್ಟಳು. ಮೊದಮೊದಲು ಬಂದದ್ದು ಖರ್ಚಾಗಿದೆ, ಹೊಟ್ಟೆ ಕೇಳಲಿಲ್ಲ, ಇದು ಉಳಿದದ್ದು ಎಂದಳು.

"ನೀ ಹಸದು ಕಳಿಸಿದ್ದು ನನ್ನ ಹೊಟ್ಟಿಗಿ ಹತ್ತಂಗಿಲ್ಲ ಯಪ್ಪಾ. ನನ್ನ ಕೈ ನೀ ತೊಗೊಂಡಿಲ್ಲ. ನಿಮ್ಮಪ್ಪನ ಮಿಲ್ಲಿನ್ಯಾಗ ಹೋಗ್ಯಾದ. ಕೇಳೋದಿದ್ರ ಅಲ್ಲಿ ಹೋಗಿ ಕೇಳು."

ಅವನು ತಲೆ ತಗ್ಗಿಸಿದ. ಏನು ಕೇಳಲಿ ಎಂದ.

"ಧರ್ಮ ಬ್ಯಾಡ. ಕೆಲಸ ಬೇಕು. ಒಂದ ಕೈಲಿಂದ ಮಾಡೋ ಕೆಲಸ ಅಷ್ಟು ದೊಡ್ಡ ಮಿಲ್ಲಿನ್ಯಾಗ ಒಂದೂ ಇಲ್ಲೇನು?"

ಹಣವನ್ನು ಅವನು ಮುಟ್ಟಲಿಲ್ಲ, ಅವಳೂ ಎತ್ತಿಕೊಳ್ಳಲಿಲ್ಲ. ಕೊನೆಗೆ ಅವಳ ದೊಡ್ಡ ಮಗಳು ಬಂದು ಎತ್ತಿಟ್ಟಳು. ನಮಗೆ ರೊಟ್ಟಿ, ಖಾರ ಕೊಟ್ಟು, ಉಣ್ಣುವವರೆಗೂ ಅವಳು ಎದುರಿಗೇ ಕೂತಿದ್ದಳು. ಅವನು ಪೂರ್ತಿ ಉಂಡ.

ಅಲ್ಲಿಂದ ಮಾನ್ವಿಗೆ ಹೋದೆವು. ಗಿರಣಿಯ ಗದ್ದಿಯ ಮೇಲೆ ಸಾಹುಕಾರರು ಕೂತಿದ್ದರು. ವಿಭೂತಿ ಹಚ್ಚಿದ ಅಗಲ ಹಣೆ, ಶಾಂತ ಮುಖ. ಅಂಥವರ ಬಾಯಿಂದ ಕಠಿಣ ಮಾತು ಬರುತ್ತದೆಂದು ನೋಡಿದವರಿಗೆ ಅನಿಸುತ್ತಿರಲಿಲ್ಲ. ಮಗನನ್ನು ನೋಡಿ ಅವರು ಗಾಬರಿಯಾದರು. ಇದೇನು ಹೀಗಾಗಿದ್ದೀ, ಕಳಿಸಿದ ರೊಕ್ಕ ಸಾಲಲಿಲ್ಲವೇ ಎಂದು ಕೇಳಿದರು. ನಾನು ಬಾಗಿಲ ಬಳಿ ನಿಂತೆ. ಗೆಳೆಯ ಮುಂದೆ ಹೋದ. ಅವಳಿಗೆ ಕೆಲಸ ಕೊಡಬೇಕು, ಅವಳ ಪಗಾರ ಕಡಿಮೆ ಮಾಡಬಾರದು, ಬೆಲ್ಟುಗಳಿಗೆ ಕೈ ಸಿಗದಂತೆ ಜಾಳಿಗೆ ಹಾಕಿಸಬೇಕು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಆಸ್ಪತ್ರೆಯ ಖರ್ಚು ಕೊಟ್ಟಾಗಿದೆ ಎಂದರು ಅವರು. ಒಬ್ಬಳಿಗೆ ಕೊಟ್ಟರೆ ನಾಳೆ ಎಲ್ಲರೂ ಬಂದು ಕೇಳುತ್ತಾರೆ ಎಂದರು.

"ಎಲ್ಲಾರ ಕೈನೂ ಹೋಗ್ತಾವ ಅಂತ ನಿಮಗ ಖಾತ್ರಿ ಅದನೇನಪ್ಪಾ?" ಎಂದ ಗೆಳೆಯ.

ಸಾಹುಕಾರರ ಮುಖ ಕಪ್ಪಿಟ್ಟಿತು. ನನ್ನ ಕಡೆ ನೋಡಿ, ಇದನ್ನೆಲ್ಲ ಕಲಿಸಿದವನು ಇವನೇ ಏನು ಎಂದರು. ಆಮೇಲೆ ಮಗನಿಗೆ ಹೊರಗೆ ನಡೆ ಎಂದರು.

ಅವನು ಹೊರಗೆ ಬಂದು, ಹಬ್ಬದ ದಿನ ಆ ಹೆಂಗಸು ಕೂತಿದ್ದಳೆಂದು ಹೇಳಿದ್ದನಲ್ಲ, ಆ ಬಾಗಿಲ ಪಕ್ಕದಲ್ಲೇ ಮಣ್ಣಿನ ಮೇಲೆ ಕೂತ. ನಾನೂ ಕೂತೆ. ಭತ್ತದ ಗಾಡಿಗಳು ಬಂದು ನಿಂತವು. ಹಮಾಲರು ಚೀಲ ಹೊರಲು ಬಂದವರು ಇವನನ್ನು ದಾಟಿ ಹೋಗಲಾರದೆ ಅಲ್ಲಲ್ಲೇ ನಿಂತರು. ಗುಮಾಸ್ತ ಎರಡು ಸಲ ಬಂದು ಕೈಮುಗಿದು ಏಳಲು ಕೇಳಿಕೊಂಡು ಹೋದ. ಯಾರೂ ಕೂಗಾಡಲಿಲ್ಲ. ಒಳಗೆ ಯಂತ್ರ ಬರಿದೇ ಓಡುತ್ತಿತ್ತು, ಸ್ವಲ್ಪ ಹೊತ್ತಿಗೆ ಅದೂ ನಿಂತಿತು.

ಬಿಸಿಲು ಇಳಿಯುವ ಹೊತ್ತಿಗೆ ಗಿರಣಿಯ ಪಕ್ಕದಲ್ಲಿದ್ದ ತಮ್ಮ ಮನೆಯಿಂದ ಗೆಳೆಯನ ತಾಯಿ ಬಂದರು. ಗಂಡಸರು ತುಂಬಿದ ಆ ಅಂಗಳಕ್ಕೆ ಅವರು ಹಿಂದೆ ಎಂದೂ ಬಂದವರಲ್ಲವಂತೆ. ತಲೆ ತುಂಬ ಸೆರಗು ಹೊದ್ದು, ಯಾರ ಮುಖವನ್ನೂ ನೋಡದೆ, ಮಗನ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತರು. ಮಗನ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಅದರ ಎಲುಬುಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಗದ್ದಿಯಿಂದ ಎದ್ದು ಬಂದ ಸಾಹುಕಾರರು ಇದೇನು ಎಂಬಂತೆ ನೋಡಿದಾಗ ಅವರು ಒಂದೇ ಮಾತು ಆಡಿದರು.

"ನನಗೂ ಇಲ್ಲೇ ಊಟ ಕಳಸ್ರಿ."

ಸಾಹುಕಾರರು ಸುತ್ತ ಕಣ್ಣಾಡಿಸಿದರು. ಹಮಾಲರು ನೋಡುತ್ತಿದ್ದರು. ಕೊನೆಗೆ ಗುಮಾಸ್ತನನ್ನು ಕರೆದು, ಕುರ್ಡಿಯವಳಿಗೆ ನಾಳೆಯಿಂದ ಬರಲು ಹೇಳಿ ಕಳಿಸು, ಭತ್ತ ಒಣಹಾಕುವ ಕಣದಲ್ಲಿ ಹಕ್ಕಿ ಕಾಯಲಿ, ಹಿಂದಿನ ಪಗಾರವೇ ಇರಲಿ ಎಂದರು. ಬೆಲ್ಟಿನ ಮಾತು ಆ ದಿನ ಆಡಲಿಲ್ಲ. ಆದರೆ ಬೇಸಿಗೆಯ ಹೊತ್ತಿಗೆ ಜಾಳಿಗೆ ಬಂದಿತ್ತು. ಹೋದ ಕೈಗೆ ಇದು ಸಮವಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಆ ಹೆಂಗಸು ಸಾಹುಕಾರರಿಗೆ ಕೈಮುಗಿಯಲಿಲ್ಲವೆಂದು ಮಾನ್ವಿಯ ಕೆಲವರು ಆಡಿಕೊಂಡರು.

ಗೆಳೆಯ ಹಾಸ್ಟೆಲಿಗೆ ಬಂದು ಮೂರು ಹೊತ್ತು ಉಣ್ಣತೊಡಗಿದ. ಚಪ್ಪಲಿ ಕೊಂಡ. ನಡೆದದ್ದನ್ನು ಯಾರಿಗೂ ಹೇಳಬೇಡ ಎಂದಿದ್ದ, ನಾನೂ ಹೇಳಲಿಲ್ಲ. ಶರಣರು ಕೆಟ್ಟರು ಎಂದರು ಹಾಸ್ಟೆಲಿನವರು. ಖಾದಿ ಜುಬ್ಬದವನು ಮತ್ತೆ ಅಗಲ ಪ್ಯಾಂಟಿಗೆ ಬಂದ. ಅರ್ಥಶಾಸ್ತ್ರದ ಮೇಷ್ಟ್ರು ಕ್ಲಾಸಿನಲ್ಲಿ ಅವನನ್ನು ನೋಡಿ, ಯೌವನದ ನಿಷ್ಠೆ ಬಹಳ ದಿನ ಬಾಳುವುದಿಲ್ಲ ಎಂದು ಬೇಸರದಿಂದ ಹೇಳಿದರು. ಅವನು ತಲೆ ಎತ್ತಿ ಕೇಳಿಸಿಕೊಂಡ. ಮುಖದಲ್ಲಿ ಕಹಿ ಇರಲಿಲ್ಲ. ನನ್ನ ಇಸ್ತ್ರಿಯ ವಿಷಯವನ್ನು ಮೇಷ್ಟ್ರು ಮತ್ತೆ ಎತ್ತಲಿಲ್ಲ. ವರ್ಷದ ಕೊನೆಗೆ ಒಮ್ಮೆ ನನ್ನನ್ನು ಮನೆಗೆ ಕರೆದು ಊಟಕ್ಕೆ ಕೂರಿಸಿದರು. ಆ ಚರ್ಚೆಯ ಮಾತು ಇಬ್ಬರೂ ಆಡಲಿಲ್ಲ.

ಜಡ್ಡಿನ ದೆಸೆಯಿಂದ ಗೆಳೆಯನಿಗೆ ಒಂದು ವರ್ಷ ಹೋಯಿತು. ನಾನು ಪದವಿ ಮುಗಿಸಿ, ಬಿ.ಎಡ್. ಮಾಡಿ, ರಾಯಚೂರಿನಲ್ಲೇ ಹೈಸ್ಕೂಲು ಮಾಸ್ತರನಾದೆ. ಅವನು ಮಾನ್ವಿಗೆ ಹೋಗಿ ಗಿರಣಿಯಲ್ಲಿ ಕೂತ. ಆ ಸಂಜೆಯ ನಂತರ ಅಪ್ಪ ಮಗ ಕೆಲಸದ ಮಾತಷ್ಟೇ ಆಡುತ್ತಿದ್ದರೆಂದು ಕೇಳಿದ್ದೆ.

ಎಂಬತ್ತರ ದಶಕದ ನಡುವಿನಲ್ಲಿ, ಒಂದು ರವಿವಾರ, ನನ್ನ ಬಾಡಿಗೆ ಮನೆಯ ಮುಂದೆ ಜಟಕಾ ಬಂದು ನಿಂತಿತು. ಇಳಿದವರು ಸಾಹುಕಾರರು. ಬಹಳ ಮುದಿಯಾಗಿದ್ದರು. ಬರ್ರಿ ಎಂದೆ. ಅವರು ಹೊಸ್ತಿಲ ಬಳಿ ಒಂದು ಗಳಿಗೆ ತಡೆದರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಕುರ್ಚಿಯ ಮೇಲೆ ಕೂತರು. ನನ್ನ ಹೆಂಡತಿ ನೀರು ತಂದಿಟ್ಟಳು. ಅವರು ಅದನ್ನು ನೋಡಿದರು, ಎತ್ತಿ ಕುಡಿದರು. ಮಳೆ ಬೆಳೆ, ಕಾಲುವೆ ನೀರು, ಅಕ್ಕಿಯ ಧಾರಣೆ ಎಂದು ಏನೇನೋ ಮಾತಾಡಿದರು. ಏಳುವ ಹೊತ್ತಿಗೆ ಬಂದ ಕಾರಣ ಹೇಳಿದರು.

"ಅಂವ ನನ್ನ ಜೋಡಿ ಉಣ್ಣಾಕ ಕುಂದ್ರಂಗಿಲ್ಲ. ಇಷ್ಟು ವರ್ಷ ಆತು, ನಾ ಎದ್ದಮ್ಯಾಲ ಉಣ್ತಾನ. ನಿನ್ನ ಮಾತು ಕೇಳ್ತಾನ. ಒಮ್ಮಿ ಹೇಳಪಾ."

ಮುಂದಿನ ರವಿವಾರ ಮಾನ್ವಿಗೆ ಹೋದೆ. ಗೆಳೆಯನಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ, ಅವರು ನಮ್ಮ ಮನೆಗೆ ಬಂದು ನೀರು ಕುಡಿದದ್ದನ್ನೂ ಹೇಳಿದೆ. ಅವನು ಎದ್ದು ಭತ್ತದ ಚೀಲಗಳ ನಡುವೆ ಸ್ವಲ್ಪ ಹೊತ್ತು ನಡೆದಾಡಿ ಬಂದ. ಮಧ್ಯಾಹ್ನ ಅವನ ತಾಯಿ ಪಡಸಾಲೆಯಲ್ಲಿ ಎರಡು ತಾಟು ಹಾಕಿದ್ದರು, ಒಂದು ನನಗೆ, ಒಂದು ಸಾಹುಕಾರರಿಗೆ. ಗೆಳೆಯ ಅಡುಗೆಮನೆಗೆ ಹೋಗಿ ಇನ್ನೊಂದು ತಾಟನ್ನು ತಾನೇ ತಂದು ಅಪ್ಪನ ಪಕ್ಕ ಇಟ್ಟುಕೊಂಡು ಕೂತ. ತಾಯಿ ಬಡಿಸಿದರು. ಮುದುಕರು ತುತ್ತು ಕಲಸಿದರು, ಬಾಯಿಗೆ ಒಯ್ಯಲು ತುಸು ತಡವಾಯಿತು. ಹೊರಗೆ ಕಣದಲ್ಲಿ ಯಾರೋ ಹಕ್ಕಿ ಓಡಿಸುವ ಸದ್ದು ಕೇಳುತ್ತಿತ್ತು. ಸಾರು ಬೇಕೇನು ಎಂದು ಗೆಳೆಯ ಅಪ್ಪನನ್ನು ಕೇಳಿದ. ಅವರು ತಾಟಿನಿಂದ ಕಣ್ಣು ಎತ್ತದೆ ಸ್ವಲ್ಪ ಹಾಕು ಎಂದರು.